ತಮ್ಮನಿಗೆ ಕೊಟ್ಟ ಗುಳಿಗೆ

ಕಂಪ್ಲಿಯ ಕಾಲುವೆ ಪಕ್ಕದಲ್ಲಿ ನಮ್ಮ ಮನೆ. ನಾನೂ ನನ್ನ ತಮ್ಮನೂ ಭತ್ತದ ಗದ್ದೆಗೆ ಕೂಲಿಗೆ ಹೋಗುತ್ತಿದ್ದೆವು. ಸಂಜೆ ಸೊಳ್ಳೆಗಳು ಇಬ್ಬರನ್ನೂ ಒಂದೇ ಸಮ ಕಚ್ಚುತ್ತಿದ್ದವು. ಮಲೇರಿಯಾ ಮಾತ್ರ ನನಗೇ ಬರುತ್ತಿತ್ತು.

"ನನ್ನ ರಕ್ತ ಕಹಿ ಐತಕ್ಕಾ, ಸೊಳ್ಳಿ ಕುಡುದು ಉಗುಳ್ತಾವ" ಎಂದು ಅವನು ನಗುತ್ತಿದ್ದ.

ಹೋದ ವರ್ಷ ನನಗೆ ಮತ್ತೆ ಚಳಿಜ್ವರ ಬಂತು. ಗುಳಿಗೆ ತಂದುಕೊಟ್ಟ ಆಶಾ ಕಾರ್ಯಕರ್ತೆ, ಜ್ವರ ಬಿಟ್ಟರೂ ನಿಲ್ಲಿಸಬೇಡ, ಬೇರೆಯವರಿಗೆ ಕೊಡಬೇಡ ಎಂದಿದ್ದರು. ನಾಟಿ ಶುರುವಾಗಿತ್ತು. ಜ್ವರ ಇಳಿದದ್ದೇ ತಡ, ಉಳಿದ ಗುಳಿಗೆಗಳನ್ನು ಗೋಡೆಯ ಗೂಡಿನಲ್ಲಿ ಕುಂಕುಮದ ಭರಣಿಯ ಹಿಂದೆ ಇಟ್ಟು ಗದ್ದೆಗೆ ಹೋದೆ. ನಮ್ಮ ಓಣಿಯಲ್ಲಿ ಯಾರೂ ಗುಳಿಗೆ ಎಸೆಯುವುದಿಲ್ಲ. ಮನೆಯಲ್ಲಿ ಇನ್ನೊಬ್ಬರಿಗೆ ಆಗುತ್ತದೆ ಎಂದು ಇಡುತ್ತೇವೆ.

ಎಂದೂ ಕಾಯಿಲೆ ಬಿದ್ದು ಮಲಗದ ತಮ್ಮ ಒಂದು ದಿನ ಮೈ ಬಿಸಿಯಾಗಿ ಮಲಗಿದ. ಪರೀಕ್ಷೆ ಮಾಡಿಸಲಿಲ್ಲ, ಗೂಡಿನಲ್ಲಿದ್ದ ಗುಳಿಗೆ ತೆಗೆದೆ. "ನುಂಗೋ, ನನಗ ಇದರಾಗ ಇಳದೈತಿ" ಎಂದು ನಾನೇ ನೀರು ಹಿಡಿದು ನಿಂತು ನುಂಗಿಸಿದೆ. ಮರುದಿನವೂ ನುಂಗಿಸಿದೆ. ಆಮೇಲೆ ಅವನ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಕಣ್ಣು ಅರಿಶಿನ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ನೋಡಿ ಮಲೇರಿಯಾ ಅಲ್ಲ ಎಂದರು. "ಮನ್ಯಾಗ ಏನಾರ ಗುಳಿಗಿ ಕೊಟ್ಟೀರೇನ್ರಿ?"

"ಇಲ್ರಿ" ಎಂದೆ.

ತಮ್ಮ ಮಂಚದ ಮೇಲಿಂದ ನನ್ನನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿದ.

ಅವರು ಕಾಮಾಲೆ ಎಂದುಕೊಂಡು ಬೇರೆ ಬೇರೆ ಪರೀಕ್ಷೆ ಮಾಡುತ್ತಲೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಉಸಿರಾಡುವುದೇ ಕಷ್ಟವಾಯಿತು. ಆಗ ಓಡಿಹೋಗಿ ಡಾಕ್ಟರಮ್ಮನಿಗೆ ಗುಳಿಗೆಯ ವಿಷಯ ಹೇಳಿದೆ.

ರಕ್ತ ಏರಿಸಿದ ಮೇಲೆ ಡಾಕ್ಟರಮ್ಮ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಅವನ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಅಂಶ ಕಡಿಮೆಯಂತೆ. ಅವ್ವನಿಂದ ಬಂದದ್ದಂತೆ, ಗಂಡುಮಕ್ಕಳನ್ನೇ ಹೆಚ್ಚು ಕಾಡುತ್ತದಂತೆ. ಅಂಥ ರಕ್ತದಲ್ಲಿ ಮಲೇರಿಯಾ ಸುಲಭಕ್ಕೆ ಬೆಳೆಯುವುದಿಲ್ಲ, ಇಷ್ಟು ವರ್ಷ ಅವನನ್ನು ಕಾಪಾಡಿದ್ದು ಆ ಕೊರತೆಯೇ ಇರಬಹುದು ಎಂದರು. ಆದರೆ ಅದೇ ರಕ್ತಕ್ಕೆ ನನ್ನ ಗುಳಿಗೆ ವಿಷ. ನನ್ನ ಮೈಗೆ ಒಗ್ಗಿದ್ದು ಅವನ ರಕ್ತವನ್ನು ಒಡೆದುಹಾಕಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಒಂದೇ ಮದ್ದು ಸಾಕೆಂದು ನಾನು ನಂಬಿದ್ದೆ.

ಅವನು ಎದ್ದು ಗಂಜಿ ಕುಡಿಯುವಂತಾದಾಗ, ಡಾಕ್ಟರಮ್ಮನ ಮುಂದೆ ನೀನಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಷ್ಟು ಮಂದ್ಯಾಗ ನಿನಗ ಬೈತಾರಂತ, ಅಕ್ಕಾ."

ನಾನು ಸುಳ್ಳು ಹೇಳಿದ್ದೂ ಅದಕ್ಕೇ.