ಎಳೆಗರಿ ಹೆಣೆಯುವ ಪಾಕ್ ಹಾರ್ಜೊಗೆ ಎರಡು ಹೆಸರು

ಮಸೀದಿಯ ಬೆಳಗಿನ ಕರೆ ಈಗಷ್ಟೇ ಮುಗಿದಿದೆ. ಕ್ಲಾತೆನ್ ಪೇಟೆಯಾಚೆಯ ನಮ್ಮ ಓಣಿಯಲ್ಲಿ ಪಾಕ್ ಹಾರ್ಜೊ, ಪಾಕ್ ಅಂದರೆ ಯಜಮಾನರು, ಜಗಲಿಯ ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ತೆಂಗಿನ ಸುಳಿಗರಿಯ ರಾಶಿ, ಬೆಣ್ಣೆ ಬಣ್ಣದ್ದು. ಸೀಳುತ್ತಾರೆ, ಕಡ್ಡಿ ತೆಗೆಯುತ್ತಾರೆ, ಮಡಿಸುತ್ತಾರೆ. ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಒಂದು ಮಿಡತೆ ತಯಾರು. ಆಮೇಲೆ ಹಕ್ಕಿ, ಕೊಡೆ, ಚಾಟಿ. ಇವನ್ನೆಲ್ಲ ಬಾಳೆದಿಂಡಿಗೆ ಚುಚ್ಚಿದರೆ ಮದುವೆಯ ಜೋಡಿ ಗೊಂಚಲು. ಇದಿಲ್ಲದೆ ನಮ್ಮಲ್ಲಿ ಮದುಮಕ್ಕಳು ಹಸೆಗೆ ಬರುವುದಿಲ್ಲ. ಮದುವೆ ಮುಗಿದ ಮೇಲೆ ಅದನ್ನು ನಾಲ್ಕು ದಾರಿ ಕೂಡುವಲ್ಲಿ ಎಸೆದು ಬರುತ್ತಾರೆ. ಕಟ್ಟಿದವರು ಯಾರು ಅಂತ ಒಬ್ಬರೂ ಕೇಳುವುದಿಲ್ಲ.

ಇವತ್ತಿನ ಗೊಂಚಲು ಸ್ವಂತ ಮಗಳು ವೆನಿಂಗ್‌ಳದ್ದು. ಭಾನುವಾರ ಮದುವೆ. ಹುಡುಗ ಸೆನೊ, ಸಂತೆಬೀದಿಯಲ್ಲಿ ಮಾಂಸದುಂಡೆ ಸಾರಿನ ಗಾಡಿ ಇಟ್ಟಿರುವವನು. ನಮ್ಮ ಓಣಿಯ ಹಳಬರಲ್ಲಿ ಮದುವೆಯ ದಿನ ಗಂಡಿಗೆ ದೊಡ್ಡವನ ಹೆಸರು ಕೊಡುವುದು ಮಾವನ ಕೆಲಸ. ಆವತ್ತಿನಿಂದ ಚಿಕ್ಕಂದಿನ ಹೆಸರು ಹಿಡಿದು ಕರೆದರೆ ಅವಮಾನ. ವಾರದಿಂದ ಎಲ್ಲರದೂ ಒಂದೇ ಪ್ರಶ್ನೆ: "ಅಳಿಯನಿಗೆ ಏನ್ ಹೆಸ್ರು ಇಡ್ತೀರಿ ಪಾಕ್?" ಹಾರ್ಜೊ ಗರಿ ಸೀಳುತ್ತಲೇ ಇರುತ್ತಾರೆ.

ಅವರಿಗೆ ಹಾರ್ಜೊ ವಿಯೊನೊ ಎಂಬ ಹೆಸರು ಬಂದದ್ದೂ ಹಾಗೇ, ಮೂವತ್ತೊಂದು ವರ್ಷದ ಹಿಂದೆ. ಹುಟ್ಟಿದಾಗ ಇಟ್ಟದ್ದು ಸಾಗಿರಾನ್. "ಮಾವ ತಲೆ ಮೇಲೆ ಕೈ ಇಟ್ಟು ಕರೆದ್ರು ನೋಡಿ, ಮೈ ಜುಮ್ಮಂತು. ಆವತ್ತೇ ಮನುಷ್ಯ ಆದೆ ಅನ್ನಿಸ್ತು," ಎನ್ನುತ್ತಾರೆ. ಗುರುತಿನ ಕಾರ್ಡಿನಲ್ಲಿ ಮಾತ್ರ ಸಾಗಿರಾನ್ ಹಾಗೇ ಉಳಿದುಕೊಂಡ. ಯಾರಿಗೆ ಬೇಕಿತ್ತು ಆ ಕಾರ್ಡು!

ಬೇಕಾಯಿತು. ತಿಂಗಳಿಗೆ ಹತ್ತು ಹನ್ನೆರಡು ಜೋಡಿ ಗೊಂಚಲು ಕಟ್ಟುತ್ತಿದ್ದವರಿಗೆ ಕೊರೊನಾ ವರ್ಷ ಏಳು ತಿಂಗಳಲ್ಲಿ ಸಿಕ್ಕಿದ್ದು ಒಂದೇ ಒಂದು. ಮದುವೆ ಎಂದರೆ ಆಗ ಐದು ಜನ, ಒಂದು ಸಹಿ, ಅಷ್ಟೇ. ಸಣ್ಣ ಕಸುಬಿನವರಿಗೆ ಸರ್ಕಾರ ನೆರವು ಸಾರಿತು. ಅರ್ಜಿಯ ಜೊತೆ ಗುರುತಿನ ಕಾರ್ಡು, ಕಸುಬು ನಿಜ ಎಂದು ಊರ ಕಚೇರಿಯ ಪತ್ರ ಇರಬೇಕು. ಕಾರ್ಡಿನಲ್ಲಿ ಸಾಗಿರಾನ್. ಪತ್ರದಲ್ಲಿ ಗುಮಾಸ್ತ ಹಾರ್ಜೊ ವಿಯೊನೊ ಎಂದು ಬರೆದ. ಪಾಪ, ಹಾರ್ಜೊಗೆ ಇನ್ನೊಂದು ಹೆಸರಿದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ.

ಎರಡು ಹೆಸರು ಕಂಡ ಮೇಲಿನ ಕಚೇರಿಯವರು ವಿಚಾರಿಸಲು ಮನೆಗೆ ಫೋನ್ ಮಾಡಿದರು. ತೆಗೆದದ್ದು ಹೆಂಡತಿ, ಬು ಹಾರ್ಜೊ, ಅಂದರೆ ಹಾರ್ಜೊ ಅಮ್ಮ. "ಸಾಗಿರಾನ್ ಇದಾನಾ ಅಂದ, ಯಾವುದೋ ಎಳೆ ಹುಡುಗನ ದನಿ. ನನ್ ಗಂಡನ್ನ ಹಾಗೆ ಕರೆಯೋಕೆ ಇವನ್ಯಾರು? ಮೋಸದ ಫೋನು ಬೇರೆ ಬರ್ತಿದ್ವಲ್ಲ ಆಗ. ಆ ಹೆಸ್ರಿನವ್ರು ಇಲ್ಲಿ ಯಾರೂ ಇಲ್ಲಪ್ಪ ಅಂತ ಇಟ್ಟುಬಿಟ್ಟೆ. ಗಂಡನ ಮರ್ಯಾದೆ ಉಳಿಸ್ದೆ ಅನ್ಕೊಂಡೆ ಕಣ್ರೀ." ಇದನ್ನು ಹೇಳಿ ಅವರು ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಐದು ವರ್ಷವಾದರೂ ಆ ಮಾತು ಅವರನ್ನು ತಿನ್ನುತ್ತಿದೆ.

ಕಡತದಲ್ಲಿ 'ಅರ್ಜಿದಾರರು ಇಲ್ಲ' ಎಂದು ಬಿತ್ತು. ಹಾರ್ಜೊ ಓಡಿದರು. ಎರಡೂ ಹೆಸರು ಒಬ್ಬರದೇ ಎಂದು ಹೆಸರಿಟ್ಟವರಿಂದ ಬರೆಸಿಕೊಂಡು ಬನ್ನಿ ಎಂದರು ಅಲ್ಲಿ. ಹೆಸರಿಟ್ಟ ಮಾವ ಆಸ್ಪತ್ರೆಯಲ್ಲಿದ್ದರು, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಒಂಬತ್ತನೇ ದಿನ ತೀರಿಕೊಂಡರು. ಮುಖ ನೋಡುವುದಕ್ಕೂ ಸಿಗಲಿಲ್ಲ. ಬೇರೆ ಸಾಕ್ಷಿ ಹುಡುಕುವಷ್ಟರಲ್ಲಿ ಗಡುವೇ ಮುಗಿದಿತ್ತು. "ಗಾಜಿನಾಚೆ ಕೂತಿದ್ದ ಹುಡುಗಿ ಕೆಟ್ಟವಳಲ್ಲ," ಎನ್ನುತ್ತಾರೆ ಹಾರ್ಜೊ. "ನಾನೇನ್ ಮಾಡ್ಲಿ ಪಾಕ್, ಕಂಪ್ಯೂಟರ್‌ನಲ್ಲಿ ನೀವು ಇಲ್ವಲ್ಲ ಅಂದ್ಲು. ನಾನು ಅವಳ ಎದುರಿಗೇ ನಿಂತಿದ್ದೆ."

ಇಡೀ ಊರಿಗೆ ಗೊತ್ತಿರುವ ಮನುಷ್ಯನನ್ನು ಇಲ್ಲ ಅನ್ನಲು ಒಂದು ಕಾಗದ ಸಾಕಾಯಿತಲ್ಲ!

ಮನೆಯ ಹಿಂದೆ ಅವರಿಗೆ ಹದಿನಾಲ್ಕು ತೆಂಗಿನ ಮರಗಳಿದ್ದವು, ಸುಳಿಗರಿಗೆಂದೇ ಸಾಕಿದವು. ಒಂದು ಮರದ ಸುಳಿ ತೆಗೆದರೆ ಐದಾರು ತಿಂಗಳು ಮತ್ತೆ ಅದನ್ನು ಮುಟ್ಟುತ್ತಿರಲಿಲ್ಲ, ಮರಕ್ಕೆ ನೋವಾಗುತ್ತದೆ ಅನ್ನುವರು. ಹೊಟ್ಟೆ ಅಷ್ಟು ದಿನ ಕಾಯಲಿಲ್ಲ, ಮರಗಳನ್ನೇ ಮಾರಿದರು. ಮರದ ವ್ಯಾಪಾರಿ ಬಂದು ಎರಡೇ ದಿನದಲ್ಲಿ ಹದಿನಾಲ್ಕನ್ನೂ ಉರುಳಿಸಿ, ತೊಲೆ ಕೊಯ್ದು ಲಾರಿಗೆ ತುಂಬಿದ. ಹಾರ್ಜೊ ಆ ಎರಡು ದಿನ ತಂಗಿಯ ಮನೆಯಲ್ಲಿದ್ದರು. ಈಗ ಮದುವೆಗಳೇನೋ ಮರಳಿವೆ. ಗರಿಯನ್ನು ಸಂತೆಯಲ್ಲಿ ಕೊಂಡು ಕಟ್ಟಬೇಕು, ಹಾಗಾಗಿ ತಿಂಗಳಿಗೆ ಮೂರು ಜೋಡಿ ಗಿಟ್ಟಿದರೆ ಹೆಚ್ಚು. ಉಳಿದ ದಿನ ಚಪ್ಪರದ ಕಂಪನಿಯೊಂದರಲ್ಲಿ ಪ್ಲಾಸ್ಟಿಕ್ ಹೂ ಕಟ್ಟುತ್ತಾರೆ.

ಬಿಸಿಲೇರುವ ಹೊತ್ತಿಗೆ ಸೆನೊ ಬಾಳೆದಿಂಡು ಹೊತ್ತು ಬರುತ್ತಾನೆ. "ಮಾವ, ಹೆಸ್ರು ಇನ್ನೂ ಗುಟ್ಟೇನಾ? ಎಂಥ ಜಿಪುಣರಪ್ಪ ನೀವು!"

ಹಾರ್ಜೊ ಕೈಯಲ್ಲಿದ್ದ ಗರಿ ಕೆಳಗಿಡುತ್ತಾರೆ. "ಹೆಸ್ರು ಕೊಡಲ್ಲ ಕಣಪ್ಪ."

ಹುಡುಗನ ನಗು ಇಂಗಿಹೋಗುತ್ತದೆ. "ನಾನೇನ್ ತಪ್ಪು ಮಾಡ್ದೆ ಮಾವ?"

"ಜನ ಏನಂತಾರ್ರೀ?" ಒಳಗಿನಿಂದ ಹೆಂಡತಿಯ ದನಿ. "ಅಳಿಯ ಅಂತ ಒಪ್ಪಿಲ್ಲ ಅನ್ನಲ್ವಾ?"

"ಅಂದ್ಕೊಳ್ಳಲಿ." ಹಾರ್ಜೊ ಸೆನೊನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೆ. "ಒಂದು ಹೆಸ್ರು ಯೋಚಿಸಿಟ್ಟಿದ್ದೆ ಮಗ, ಚೆನ್ನಾಗಿದೆ. ಅದು ನನ್ನ ಹತ್ರಾನೇ ಇರ್ಲಿ. ನೀನು ಕಾರ್ಡಲ್ಲಿರೋ ಸೆನೊನೇ ಆಗಿರು. ನಾಳೆ ಇನ್ನೊಂದು ಕಾಯಿಲೆ ಬಂದು, ಯಾರಾದ್ರೂ ಫೋನ್ ಮಾಡಿ ಸೆನೊ ಇದಾನಾ ಅಂತ ಕೇಳಿದ್ರೆ, ನನ್ನ ಮಗಳು 'ಹೂಂ, ಇದಾರೆ' ಅನ್ಬೇಕು."