ನೀರು ಬಿಡದ ಕ್ರೀಮು

ಬೀದಿಯವರೆಲ್ಲ ಅವಳನ್ನು ಮುಲಾಮಿನಕ್ಕ ಅನ್ನುತ್ತಿದ್ದರು. ಹದಿನೈದು ವರ್ಷದಿಂದ ಅಡುಗೆಮನೆಯಲ್ಲೇ ಮೈಗೆ ಹಚ್ಚುವ ಕ್ರೀಮು ಕಡೆಯುತ್ತಿದ್ದಳು; ಯಾರ ಹಿಮ್ಮಡಿ ಒಡೆದರೂ ಇವಳ ಬಾಗಿಲಿಗೇ ಬರಬೇಕು. ಅಂಥವಳಿಗೆ ಸ್ವಂತ ತಂಗಿಯ ಕೈ ವಾಸಿ ಮಾಡಲಾಗಲಿಲ್ಲ ನೋಡಿ, ಎಂಥ ಸಂಕಟ!

ತಂಗಿ ಹೆತ್ತು ಎರಡು ತಿಂಗಳಾಗಿತ್ತು. ಅಂಗೈ ಸೀಳಿ ರಕ್ತ ಜಿನುಗುತ್ತಿತ್ತು. ಮಗುವನ್ನು ಎತ್ತಿಕೊಂಡರೆ ಇವಳಿಗೆ ಉರಿ, ಇಳಿಸಿದರೆ ಅದರ ಅಳು. ಔಷಧದ ಜೊತೆಗೆ ಕೈ ಒಣಗದ ಹಾಗೆ ಏನಾದರೂ ಹಚ್ಚುತ್ತಿರಿ ಎಂದಿದ್ದರು ವೈದ್ಯರು. ಅಷ್ಟು ಸಾಕಾಯಿತು, ಅಕ್ಕ ಟೊಂಕ ಕಟ್ಟಿ ನಿಂತಳು.

ಎಣ್ಣೆಗೂ ನೀರಿಗೂ ಹಾವು ಮುಂಗುಸಿಯ ಸಂಬಂಧ. ಕೂಡಿಸಲು ನಡುವೆ ಒಬ್ಬ ದಲ್ಲಾಳಿ ಬೇಕು. ಜೇನುಮೇಣ ಗಟ್ಟಿ ಮಾಡೀತೇ ಹೊರತು ಅದೊಂದೇ ಎಣ್ಣೆ ನೀರನ್ನು ಒಟ್ಟಿಗೆ ಹಿಡಿದಿಡದು. ಅದಕ್ಕೇ ದಲ್ಲಾಳಿಯಾಗಿ ಸೋಯಾದಿಂದ ತೆಗೆಯುವ ಲೆಸಿಥಿನ್ ಹಾಕಿದಳು. ಮೂರನೇ ದಿನ ಡಬ್ಬಿಯ ತಳದಲ್ಲಿ ನೀರು. ಮತ್ತೆ ಮಾಡಿದಳು, ಮತ್ತೆ ನೀರು. ತಂಗಿ ಅದನ್ನೇ ಕಲಸಿ ಹಚ್ಚಿಕೊಳ್ಳುತ್ತಿದ್ದಳು. ತಲೆ ತಗ್ಗಿಸುವ ಹಾಗಾಗಿದ್ದು ಅಕ್ಕನಿಗೆ. ಹಟಕ್ಕೆ ಬಿದ್ದು, ಕುರಿಯ ಉಣ್ಣೆಯಿಂದ ತೆಗೆಯುವ ಜಿಡ್ಡು, ಲ್ಯಾನೊಲಿನ್, ತರಿಸಿದಳು. ಎಣ್ಣೆ, ನೀರು ಎರಡನ್ನೂ ಒಂದೇ ಬಿಸಿಗೆ ತಂದು, ಹನಿಹನಿಯಾಗಿ ಹುಯ್ದು, ತೋಳು ಸೋಲುವವರೆಗೆ ಕಡೆದಳು. ಅಬ್ಬಾ, ಥೇಟ್ ಬೆಣ್ಣೆ! ವಾರ ಕಳೆದರೂ ಒಂದು ಹನಿ ನೀರು ಬಿಡಲಿಲ್ಲ. ಪಕ್ಕದ ಮನೆಯವರಿಗೆಲ್ಲ ಡಬ್ಬಿ ಬಗ್ಗಿಸಿ ತೋರಿಸಿ ಬಂದಳು.

ಕೈ ಮಾತ್ರ ದಿನದಿನಕ್ಕೆ ಹದಗೆಟ್ಟಿತು. ಕೆಂಪು ಮೊಣಕೈವರೆಗೂ ಏರಿತು. ಅಕ್ಕ ಕಂಗೆಟ್ಟು, ಎರಡು ಸಲ ಹಚ್ಚುತ್ತಿದ್ದುದನ್ನು ನಾಲ್ಕು ಸಲ ಮಾಡಿದಳು. ಹಾಲು ಕುಡಿಸುವಾಗಲೂ ಮಗುವನ್ನು ಅಕ್ಕನೇ ಹಿಡಿದುಕೊಳ್ಳಬೇಕಾಯಿತು. ತಂಗಿ ಅದನ್ನು ಕೈಯಲ್ಲಿ ಮುಟ್ಟಿ ಐದು ದಿನವಾಗಿತ್ತು.

ಒಂದು ಮಧ್ಯಾಹ್ನ ಹಚ್ಚುತ್ತಿದ್ದಾಗ ತಂಗಿಯ ಕಣ್ಣಿಂದ ನೀರು ಇಳಿಯಿತು. ಏನಾಯಿತೇ ಎಂದು ಅಕ್ಕ ಗಾಬರಿಯಾದಳು.

"ಇದು ಹಚ್ಚಿದ ಮೊದಲ ದಿನದಿಂದಲೂ ಉರೀತಿದೆ ಅಕ್ಕಾ," ಎಂದಳು ತಂಗಿ. "ಮುಂಚಿನದು ಉರೀತಿರಲಿಲ್ಲ."

ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದಳು ಅಕ್ಕ.

"ನೀರು ಬಿಡಲಿಲ್ಲ ಅಂತ ನೀನು ಅಷ್ಟು ಖುಷಿಯಾಗಿದ್ದೆ. ಹೇಗೆ ಹೇಳಲಿ?"

ಮುಂಚಿನದರಲ್ಲಿ ಇಲ್ಲದೆ ಇದರಲ್ಲಿ ಇದ್ದದ್ದು ಆ ಕುರಿಯುಣ್ಣೆಯ ಜಿಡ್ಡೊಂದೇ; ಅದೇ ತಂಗಿಯ ಮೈಗೆ ಆಗಿಬಂದಿರಲಿಲ್ಲ. ಇಷ್ಟು ದಿನ ಡಬ್ಬಿ ನೋಡಿದ್ದಳೇ ಹೊರತು ತಂಗಿಯ ಮುಖ ನೋಡಿರಲಿಲ್ಲ. ಅಷ್ಟರಲ್ಲಿ ಒಳಕೋಣೆಯಲ್ಲಿ ಮಗು ಎದ್ದು ಅಳತೊಡಗಿತು. ತಂಗಿ ಏಳಹೋದವಳು ತನ್ನ ಕೈ ನೋಡಿಕೊಂಡು ಕೂತುಬಿಟ್ಟಳು. ಅಕ್ಕ ಎದ್ದಳು, ಅವಳ ಕೈತುಂಬ ಅದೇ ಕ್ರೀಮು. ಬಟ್ಟೆಗೆ ಎಷ್ಟು ಒರೆಸಿದರೂ ಜಿಡ್ಡು ಬಿಡಲಿಲ್ಲ, ಮಗು ಅಳುತ್ತಲೇ ಇತ್ತು.