ನಮ್ಮ ತಂಡ ಗೆದ್ದ ಸೋಮವಾರ

ಅಮೆರಿಕದವರ ಫುಟ್‌ಬಾಲ್ ಪಂದ್ಯವನ್ನು ನಾನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದ್ದು ಜೀವನದಲ್ಲಿ ಒಂದೇ ಸಲ. ಆದರೆ ಮೂರು ವರ್ಷ ನಮ್ಮ ಮನೆಯಲ್ಲಿ ಒಲೆ ಉರಿದದ್ದು ಆ ಆಟದ ದಯೆಯಿಂದ. ಒಮಾನಿನ ಅಲ್ ಖೌದ್‌ನಲ್ಲಿ, ಯೂನಿವರ್ಸಿಟಿ ಹುಡುಗರು ಕಾರಿನಿಂದ ಇಳಿಯದೆ ಹಾರ್ನ್ ಹೊಡೆದೇ ಕರಕ್ ಚಾಯ್ ತರಿಸಿಕೊಳ್ಳುವ ರಸ್ತೆಯೊಂದರಲ್ಲಿ, ಟೈಪಿಂಗ್ ಸೆಂಟರಿನ ಮೇಲಿನ ಕೋಣೆ ನನ್ನ ಆಫೀಸು. ಕೆಳಗೆ ವೀಸಾ ಅರ್ಜಿ ತುಂಬಿಸಲು ಬಂದವರ ಸಾಲು. ಮೇಲೆ ನಾನೊಬ್ಬ, ಅಮೆರಿಕದ ಉತ್ತರದಲ್ಲಿರುವ ಒಂದು ಹಿಮದೂರಿನ ತಂಡದ ಬಗ್ಗೆ, ಆ ಊರಿನವರೇ ಓದುವ ಒಂದು ಸಣ್ಣ ವೆಬ್‌ಸೈಟಿಗೆ ಬರೆಯುತ್ತಾ ಕೂತಿರುತ್ತಿದ್ದೆ. ಯಾರು ಎಷ್ಟು ಗೆದ್ದರು, ಯಾರು ಪ್ಲೇಆಫ್‌ಗೆ ಹೋದರು, ಯಾರು ಹೊರಬಿದ್ದರು, ಯಾರು ಇನ್ನೂ ಉಸಿರು ಹಿಡಿದುಕೊಂಡಿದ್ದಾರೆ: ವಾರವಾರವೂ ಇದೇ ನನ್ನ ಪಾಠ.

ನನಗೆ ಆ ಆಟ ಕಂಡರೆ ಆಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಓಡುತ್ತಾರೆ, ರಾಶಿ ಬೀಳುತ್ತಾರೆ, ಎದ್ದು ಗುಂಪಾಗಿ ಸಭೆ ಸೇರುತ್ತಾರೆ, ಮತ್ತೆ ಬೀಳುತ್ತಾರೆ. ಅಂಕಪಟ್ಟಿ ಅನ್ನುತ್ತೇವಲ್ಲ, ಅದರಲ್ಲಿ ಅಂಕವೇ ಇಲ್ಲ, ಬರೀ ಗೆಲುವು ಸೋಲಿನ ಲೆಕ್ಕ. ಲೀಗಿನಲ್ಲಿ ಎರಡು ಭಾಗ, ಒಂದೊಂದು ಭಾಗದಲ್ಲಿ ನಾಲ್ಕು ಗುಂಪು. ಗುಂಪಿನಲ್ಲಿ ಮೊದಲು ಬಂದವರು ಸೀದಾ ಪ್ಲೇಆಫ್ ಅನ್ನುವ ನಾಕೌಟಿನ ಒಳಗೆ. ಮಿಕ್ಕ ಮೂರು ಜಾಗಕ್ಕೆ ಉಳಿದವರ ಕಿತ್ತಾಟ. ಮೈಸೂರಿನ ಕನ್ನಡ ಪತ್ರಿಕೆಯೊಂದರಲ್ಲಿ ಕ್ರೀಡಾ ಪುಟ ನೋಡಿಕೊಂಡು, ಆ ಪುಟವೇ ನಿಂತಾಗ ಬೀದಿಗೆ ಬಿದ್ದವನು ನಾನು. ಗತಿ ಇಲ್ಲದೆ ಇದನ್ನೂ ಕಲಿತೆ.

ಆಫೀಸಿನ ಯಜಮಾನರು ಬಂಟ್ವಾಳ ಕಡೆಯ ಬ್ಯಾರಿ. ಎಲ್ಲರಿಗೂ ಕಾಕಾ, ನನಗೂ ಕಾಕಾ. ಟೈಪಿಂಗ್ ಸೆಂಟರಿನ ಜೊತೆಗೆ ಈ ಅಮೆರಿಕದ ಕೆಲಸವನ್ನು ಯಾರೋ ಸಂಬಂಧಿಕರ ಮೂಲಕ ಹಿಡಿದಿದ್ದರು. ಆಟ ಅವರಿಗೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು, "ಎಂತ ಸಾರ್, ನಮ್ಮವರು ಪಾಸಾ ಫೇಲಾ?" ಹೆಚ್ಚಿನ ಸೋಮವಾರ ಫೇಲೇ. ತಂಡದ ಕೋಚಿನ ಫೋಟೋ ನೋಡಿ, "ಈ ಜನದ ಮುಖದಲ್ಲಿ ಗೆಲ್ಲುವ ಕಳೆಯೇ ಇಲ್ಲ ಮಾರಾಯ್ರೆ" ಎಂದು ತೀರ್ಪು ಕೊಟ್ಟು ಇಳಿದುಹೋಗುತ್ತಿದ್ದರು.

ಆ ಕೆಲಸ ನನಗೆ ಯಾಕೆ ಬೇಕಿತ್ತು ಅಂದರೆ, ಅದು ಸಿಕ್ಕಿದ ಮೇಲೆಯೇ ನಾನು ಹೆಂಡತಿ ಮಗಳನ್ನು ಒಮಾನಿಗೆ ಕರೆಸಿಕೊಂಡದ್ದು. ಅದಕ್ಕೆ ಮುಂಚೆ ವರ್ಷಗಟ್ಟಲೆ ಒಮಾನಿನಲ್ಲೇ, ದೂರದ ದುಕ್ಮ್‌ನಲ್ಲಿದ್ದೆ. ಕಂಪನಿಯೊಂದರ ಕ್ಯಾಂಪಿನಲ್ಲಿ ಕೆಲಸಗಾರರ ಹಾಜರಿ ಹಾಕುವ ಟೈಮ್‌ಕೀಪರ್. ಕ್ಯಾಂಪಿಗೆ ಸಂಸಾರ ತರುವ ಹಾಗಿಲ್ಲ. ಮಗಳನ್ನು ಮೈಸೂರಿನಲ್ಲಿ ಬಿಟ್ಟು ಬಂದಾಗ ಅವಳಿಗೆ ಹಾಲುಹಲ್ಲು ಬೀಳುವ ವಯಸ್ಸು. ರಜೆಗೆ ಹೋದಾಗಲೆಲ್ಲ ಅವಳು ನನ್ನ ಎದುರಿಗೆ ನೆಂಟರ ಎದುರಿಗೆ ಕೂರುವ ಹಾಗೆ ಕೂರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅಲ್ ಖೌದ್‌ಗೆ ಬಂದ ಮೇಲೂ ಮೊದಲು ಹಾಗೇ ಇತ್ತು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದು ಪದ ಎಸೆದು ತನ್ನ ಕೋಣೆಗೆ ಹೋಗುತ್ತಿದ್ದಳು. ಒಂದೇ ಮನೆಯಲ್ಲಿದ್ದೂ ನಾನು ಅವಳಿಗೆ ಅಮ್ಮನ ಕಡೆಯ ಯಾರೋ.

ಅದು ಸರಿಹೋದದ್ದು ನನ್ನ ಒಂದು ಪೆದ್ದುತನದಿಂದ. ಮೊದಲ ವರ್ಷದ ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯುತ್ತಿದ್ದೆ. ನಮ್ಮ ತಂಡವೂ ಇನ್ನೊಂದೂ ಗೆಲುವಿನಲ್ಲಿ ಸಮ. ಹಾಗಾಗಿ ನಮ್ಮವರು ಮುಂದಿನ ಪಂದ್ಯವನ್ನು ಭಾರಿ ಅಂತರದಲ್ಲಿ ಗೆದ್ದರೆ ಮೇಲೆ ಹೋಗುತ್ತಾರೆ ಎಂದು ಗಂಭೀರವಾಗಿ ವಾದ ಹೂಡಿದ್ದೆ. ಕ್ರಿಕೆಟ್ ಪುಟ ಮಾಡಿದವನ ತಲೆ. ಸಮ ಬಂದರೆ ನೆಟ್ ರನ್ ರೇಟ್ ನೋಡು ಅನ್ನುವುದು ರಕ್ತದಲ್ಲೇ ಇರುತ್ತದೆ. ಮಗಳು ನೀರು ಕುಡಿಯಲು ಬಂದವಳು ನನ್ನ ಬೆನ್ನ ಹಿಂದೆ ನಿಂತು ಓದಿದಳು.

"ಅಪ್ಪ, ದಿಸ್ ಈಸ್ ರಾಂಗ್. ಇದು ಕ್ರಿಕೆಟ್ ಅಲ್ಲ."

"ಏನು ರಾಂಗು?"

"ಎಷ್ಟರಲ್ಲಿ ಗೆದ್ರು ಅಂತ ಯಾರೂ ನೋಡಲ್ಲ. ಫಸ್ಟ್ ಅವರಿಬ್ರು ಆಡಿದಾಗ ಯಾರು ಗೆದ್ರು ಅಂತ ನೋಡ್ತಾರೆ. ಆಮೇಲೆ ಅವರವರ ಭಾಗದ ಟೀಮುಗಳ ಮೇಲೆ ಎಷ್ಟು ಗೆದ್ರು ಅಂತ. ಅಂತರ ಎಲ್ಲಾ ಲಾಸ್ಟಲ್ಲಿ ಎಲ್ಲೋ ಇದೆ. ನಿಯಮ ಓದಿಲ್ವಾ ನೀನು?"

ಅವಳು ಓದಿದ್ದಳು! ಅಪ್ಪ ಇಡೀ ದಿನ ಅದೇನು ಬರೆಯುತ್ತಾನೆ ಎಂದು ಹುಡುಕಿ ಓದಿದ್ದಳಂತೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುರ್ಚಿ ಎಳೆದು, "ಕೂತ್ಕೋ, ಹಾಗಾದ್ರೆ ನೀನೇ ಹೇಳು" ಅಂದೆ. ಕೂತಳು. ಅವತ್ತಿನಿಂದ ಸಮ ಬಂದ ತಂಡಗಳನ್ನು ಬಿಡಿಸುವ ಕೆಲಸ ಅವಳದು, ಬರೆಯುವ ಕೆಲಸ ನನ್ನದು. ನಡುನಡುವೆ ಬೇರೆ ಮಾತೂ ಬರತೊಡಗಿತು. ಟೀಚರ್ ಬಗ್ಗೆ, ಬಸ್ಸಿನಲ್ಲಿ ಜಾಗ ಹಿಡಿಯುವ ಗೆಳತಿಯ ಬಗ್ಗೆ, ಅಮ್ಮನಿಗೆ ಹೇಳಬಾರದ ಒಂದೆರಡು ವಿಷಯದ ಬಗ್ಗೆ. ಹೆಂಡತಿ ಅಡುಗೆಮನೆಯಿಂದ, "ಏನ್ರೀ ಇದು, ಅಪ್ಪ ಮಗಳಿಗೆ ಇಬ್ಬರಿಗೂ ಹುಚ್ಚು ಹಿಡೀತಲ್ಲ" ಅನ್ನುತ್ತಿದ್ದಳು. ಬೈಗುಳದ ದನಿಯಲ್ಲಿ ಸಂತೋಷ ಎಷ್ಟಿತ್ತು ಅಂತ ನನಗೆ ಗೊತ್ತು.

ಮೂರನೆಯ ವರ್ಷದ ಚಳಿಗಾಲದಲ್ಲಿ ಅಮೆರಿಕದ ಸಂಪಾದಕಿ ವಿಡಿಯೋದಲ್ಲಿ ಬಂದು ಮಾತಾಡಿದರು. ಓದುಗರು ಕಡಿಮೆ, ಸೈಟು ನಡೆಸುವುದು ಕಷ್ಟ. ತಂಡ ಪ್ಲೇಆಫ್‌ಗೆ ಹೋದರೆ ಮುಂದುವರಿಸುತ್ತೇವೆ, ಹೋಗದಿದ್ದರೆ ಜನವರಿಗೆ ನಿಲ್ಲಿಸುತ್ತೇವೆ. ಕಾಕಾ ನನ್ನನ್ನು ಕೆಳಗೆ ಕರೆದು ಚಹಾ ತರಿಸಿದರು. ಅವರು ಚಹಾ ತರಿಸಿದರೆಂದರೆ ಸುದ್ದಿ ಒಳ್ಳೆಯದಲ್ಲ.

"ಸಾರ್, ನಿಮ್ಮ ರೆಸಿಡೆಂಟ್ ಕಾರ್ಡು ಜನವರಿಯಲ್ಲಿ ಮುಗಿಯುದಲ್ವಾ? ಈ ಕೆಲಸ ಉಂಟಾದ್ರೆ ನಾನು ಕಣ್ಣುಮುಚ್ಚಿ ರಿನ್ಯೂ ಮಾಡ್ತೇನೆ. ಕೆಲಸವೇ ಇಲ್ಲದೆ ನಿಮ್ಮನ್ನು ಎಂತ ಹೇಳಿ ಇಟ್ಟುಕೊಳ್ಳುದು? ನೀವೇ ಹೇಳಿ."

ದುಕ್ಮ್‌ನ ಹಳೆಯ ಕಂಪನಿ ನನ್ನನ್ನು ಮತ್ತೆ ತೆಗೆದುಕೊಳ್ಳುತ್ತಿತ್ತು. ಅಂದರೆ ನಾನು ಕ್ಯಾಂಪಿಗೆ, ಅವರಿಬ್ಬರು ಮೈಸೂರಿಗೆ. ಹೊಟ್ಟೆಗೆ ಕಷ್ಟವಿಲ್ಲ. ಆದರೆ ಅಪ್ಪನಾಗಿ ನಾನು ಮಾಡಿಕೊಂಡ ಅಷ್ಟಿಷ್ಟು ಜಾಗ ಹೋಗುತ್ತಿತ್ತು. ಇನ್ನು ನಾಲ್ಕು ವರ್ಷ ಕಳೆದರೆ ಅವಳು ಎಲ್ಲಿರುತ್ತಾಳೋ ನಾನೆಲ್ಲೋ. ಮಗಳು ನನಗೆ ಸಿಗುವುದಿದ್ದರೆ ಈಗ ಸಿಗಬೇಕು.

ಆ ಡಿಸೆಂಬರ್‌ನಲ್ಲಿ ನನಗೆ ಮೈ ಉರಿಸಿದವರು ಆ ಊರಿನ ಓದುಗರು. ಆ ಲೀಗಿನಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಕೆಟ್ಟದಾಗಿ ಸೋತವರಿಗೆ ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸುವಾಗ ಮೊದಲ ಅವಕಾಶ. ಹಾಗಾಗಿ ನನ್ನ ಬರಹದ ಕೆಳಗೆ ಒಬ್ಬೊಬ್ಬರೂ ಬರೆಯುತ್ತಿದ್ದರು: ಹೇಗೂ ಇದು ದೂರ ಹೋಗುವ ತಂಡವಲ್ಲ, ಉಳಿದದ್ದೆಲ್ಲ ಸೋತುಬಿಡಲಿ. ಓದಿ ನನಗೆ ಕೆಟ್ಟ ಕೋಪ ಬರುತ್ತಿತ್ತು. ನಿಮ್ಮ ಊರು, ನಿಮ್ಮ ತಂಡ, ಸೋಲಲಿ ಅಂತೀರಲ್ಲ, ನಿಮಗೇನು ದಾಡಿ? ಪ್ರಪಂಚದಲ್ಲಿ ಆ ತಂಡ ಗೆಲ್ಲಲೇಬೇಕೆಂದು ಮನಸಾರೆ ಬಯಸಿದವರು ಬಹುಶಃ ಅಲ್ ಖೌದ್‌ನ ನಾವೇ ಇದ್ದೆವು. ಕಾಕಾ ನಮಾಜಿನಲ್ಲಿ ದುಆ ಮಾಡುತ್ತಿದ್ದೇನೆ ಅಂದರು. ಹೆಂಡತಿ ದೇವರ ಮುಂದೆ ದೀಪ ಹಚ್ಚುವಾಗ ಒಂದು ಕ್ಷಣ ಹೆಚ್ಚೇ ನಿಲ್ಲುತ್ತಿದ್ದಳು. ಯಾಕೋ ಏನೋ, ತಂಡ ಗೆಲ್ಲತೊಡಗಿತು.

ಮಗಳಿಗೆ ನಾವು ಏನೂ ಹೇಳಿರಲಿಲ್ಲ. ಆದರೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಯಾವ ಗುಟ್ಟು ನಿಲ್ಲುತ್ತದೆ? ಕೊನೆಯ ವಾರ ಬಂದಾಗ ಲೆಕ್ಕ ಸುಲಭವಾಗಿತ್ತು. ಅದೇ ಜಾಗಕ್ಕೆ ನಮ್ಮ ಜೊತೆ ಪೈಪೋಟಿಯಲ್ಲಿದ್ದ ಇನ್ನೊಂದು ತಂಡ ಆಗಲೇ ಸೋತಿತ್ತು, ನಮ್ಮವರು ಗೆದ್ದರೆ ಒಳಗೆ. ಅವಳು ಅಂಕಪಟ್ಟಿ ನೋಡುತ್ತಲೇ ಕೇಳಿದಳು, "ಅವರು ಗೆದ್ರೆ ನಾವೂ ಇಲ್ಲೇ ಇರ್ತೀವಿ, ಅಲ್ವಾ ಅಪ್ಪ?" ಹೌದು ಪುಟ್ಟಿ ಅಂದೆ.

ಪಂದ್ಯ ಅವರಿಗೆ ಭಾನುವಾರ ರಾತ್ರಿ, ನಮಗೆ ಸೋಮವಾರ ಬೆಳಗು. ನಾನು ಪೂರ್ತಿ ನೋಡಿದ ಒಂದೇ ಪಂದ್ಯ ಅದು. ತೆರೆಯ ಮೇಲೆ ಹಿಮ ಸುರಿಯುತ್ತಿತ್ತು, ಗೆರೆಗಳೇ ಕಾಣುತ್ತಿರಲಿಲ್ಲ. ಸ್ಕೂಲ್ ಬಸ್ಸು ಕೆಳಗೆ ಬಂದು ಹಾರ್ನ್ ಹೊಡೆದು ಹೋಯಿತು. ಮಗಳು ಯೂನಿಫಾರ್ಮ್ ಹಾಕಿಕೊಂಡು ಒಂದು ಜಡೆ ಹೆಣೆದು, ಇನ್ನೊಂದನ್ನು ಹಾಗೇ ಬಿಟ್ಟು ಕೂತಿದ್ದಳು. ಬೈಯಬೇಕಾದ ಹೆಂಡತಿ ಸೌಟು ಹಿಡಿದುಕೊಂಡು ನಿಂತೇ ನೋಡುತ್ತಿದ್ದಳು. ಕೊನೆಯಲ್ಲಿ ಎದುರಾಳಿಗಳು ಚೆಂಡನ್ನು ಕಂಬಗಳ ನಡುವೆ ಒದ್ದರೆ ನಮ್ಮ ಕಥೆ ಮುಗಿಯಿತು. ಒದ್ದರು. ಗಾಳಿಗೆ ಚೆಂಡು ಕಂಬದ ಹೊರಗೆ ಹೋಯಿತು. ಮಗಳು ಕಿರುಚಿದ್ದಕ್ಕೆ ಮೇಲಿನ ಮನೆಯವರು ನೆಲ ಕುಟ್ಟಿದರು. ಅವಳು ನನ್ನನ್ನು ತಬ್ಬಿಕೊಂಡಳು. ದೊಡ್ಡವಳಾದ ಮೇಲೆ ಅವಳು ನನ್ನನ್ನು ಹಾಗೆ ತಬ್ಬಿಕೊಂಡದ್ದು ಅದೇ ಮೊದಲು.

ನಾನೇ ಕಾರಿನಲ್ಲಿ ಸ್ಕೂಲಿಗೆ ಬಿಟ್ಟೆ. "ಲೇಟಾದ್ದಕ್ಕೆ ರೀಸನ್ ಏನಂತ ಹೇಳ್ಲಿ?" ಅಂದಳು. "ಮನೆಯಲ್ಲಿ ಶುಭಕಾರ್ಯ ಅಂತ ಹೇಳು" ಅಂದೆ. ನಗುತ್ತಾ ಇಳಿದು ಹೋದಳು. ಆಫೀಸಿಗೆ ಹೋದರೆ ಕಾಕಾ ಹಲ್ವದ ಡಬ್ಬಿ ಹಿಡಿದುಕೊಂಡು ವೀಸಾ ಸಾಲಿನಲ್ಲಿ ನಿಂತವರಿಗೆಲ್ಲ ಹಂಚುತ್ತಿದ್ದರು. ಪಾಪ, ಅವರಿಗೆ ಯಾಕೆ ಅಂತಲೂ ಗೊತ್ತಿಲ್ಲ, ತಿನ್ನುತ್ತಿದ್ದರು. ನಾನು ಮೇಲೆ ಹೋಗಿ ಅಂಕಪಟ್ಟಿ ತಿದ್ದಿದೆ. ನಮ್ಮ ತಂಡದ ಹೆಸರಿನ ಮುಂದೆ ಒಳಗೆ ಹೋದವರ ಗುರುತು ಹಾಕಿದೆ. ಬದುಕಿನಲ್ಲಿ ಅಷ್ಟು ಚೆಂದ ನಾನು ಯಾವತ್ತೂ ಬರೆದಿರಲಿಲ್ಲ.

ಸಂಜೆ, ಅಲ್ಲಿ ಬೆಳಗಾದ ಮೇಲೆ, ಸಂಪಾದಕಿಯ ಕರೆ ಬಂತು. ಆಕೆಯ ಕಣ್ಣು ಅತ್ತು ಕೆಂಪಾಗಿತ್ತು, ಸಂತೋಷಕ್ಕೆ. ಊರೆಲ್ಲ ಹಬ್ಬವಂತೆ. ಅಂಗಡಿಯವರು ಜಾಹೀರಾತಿಗೆ ಸಾಲುಗಟ್ಟಿದ್ದಾರಂತೆ. ಹಾಗಾಗಿ ಕೊನೆಗೂ ಅದೇ ಊರಿನ ಇಬ್ಬರು ಬರಹಗಾರರನ್ನು ಇಟ್ಟುಕೊಳ್ಳಲು ಸಾಧ್ಯವಾಯಿತಂತೆ. ಮೈದಾನದಲ್ಲೇ ಕೂತು ಬರೆಯುವವರು, ಆ ಹಿಮದಲ್ಲೇ ಹುಟ್ಟಿ ಬೆಳೆದವರು. ಯಾರೂ ಓದದೆ ಇದ್ದ ಕಾಲದಲ್ಲಿ ನೀವು ಕೈಬಿಡಲಿಲ್ಲ, ಅದನ್ನು ಮರೆಯುವುದಿಲ್ಲ ಎಂದರು. ಮುಂದುವರಿಸುತ್ತೇವೆ ಅಂದದ್ದು ಸೈಟನ್ನು. ನಮ್ಮನ್ನು ಅಂತ ನಾವೇ ಅಂದುಕೊಂಡಿದ್ದೆವು. ಸೋತ ತಂಡದ ಸುದ್ದಿ ಅಗ್ಗಕ್ಕೆ ಬರೆಸಿಕೊಳ್ಳುವಂಥದ್ದು, ಅದಕ್ಕೇ ಅದು ಅಲ್ ಖೌದ್‌ವರೆಗೆ ಬಂದಿತ್ತು. ಗೆದ್ದ ಮೇಲೆ ಅದನ್ನು ಹೊರಗಿನವರ ಕೈಗೆ ಯಾಕೆ ಕೊಡುತ್ತಾರೆ? ಮೂರು ವರ್ಷ ಎಲ್ಲ ಲೆಕ್ಕ ಹಾಕಿದ ನನಗೆ ಇದೊಂದು ಹೊಳೆಯಲಿಲ್ಲ. ಆಕೆ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಕಾಕಾ ಮಗ್ರಿಬ್ ನಮಾಜು ಮುಗಿಸಿ ಮೇಲೆ ಬಂದರು. ನನ್ನ ಮುಖ ನೋಡಿ, "ಖಲಾಸಾ ಸಾರ್?" ಅಂದರು. "ಖಲಾಸ್ ಕಾಕಾ" ಅಂದೆ. ಕುರ್ಚಿ ಎಳೆದು ನನ್ನ ಪಕ್ಕ ಕೂತರು. "ಮಗಳ ಪರೀಕ್ಷೆ ಮುಗಿಯುವ ತನಕ ಹೇಗಾದ್ರೂ ಎಳೆಯುವಾ" ಅಂದರು. ಅಷ್ಟನ್ನು ಅವರು ಮಾಡಿದರು ಕೂಡ, ಅವರನ್ನು ದೂರುವಂತಿಲ್ಲ.

ಮನೆಯಲ್ಲಿ ಮಗಳು ಮುಂದಿನ ಸುತ್ತಿನಲ್ಲಿ ಯಾರಿಗೆ ಯಾರು ಸಿಗುತ್ತಾರೆ ಎಂದು ನೋಡುತ್ತಾ ಕೂತಿದ್ದಳು. ಅವಳಮ್ಮ ಪಾಯಸ ಮಾಡಿದ್ದಳು. ಸುತ್ತಿ ಬಳಸಿ ಹೇಳಲು ನನಗೆ ಬರಲಿಲ್ಲ, ಹೇಳಿಬಿಟ್ಟೆ. ಹೆಂಡತಿ ಒಳಗೆ ಹೋದಳು. ಮಗಳು ಮಾತ್ರ ಸಮ ಬಂದ ತಂಡಗಳ ಬಗ್ಗೆ ಕೇಳುವ ದನಿಯಲ್ಲೇ ಕೇಳಿದಳು:

"ಸೋತಿದ್ರೆ?"

"ಸೋತಿದ್ರೂ ಹೋಗ್ಬೇಕಿತ್ತು."

"ಹಾಗಾದ್ರೆ ಏನಾಗಿದ್ರೆ ನಾವು ಇಲ್ಲೇ ಇರ್ತಿದ್ವಿ?"

ನಾನು ಯೋಚಿಸಿದೆ. ನಿಜವಾಗಿಯೂ ಕೂತು ಯೋಚಿಸಿದೆ. "ಏನಾಗಿದ್ರೂ ಇಲ್ಲ ಪುಟ್ಟಿ" ಅಂದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ ತನ್ನ ಕೋಣೆಗೆ ಹೋದಳು. ಪಾಯಸವನ್ನು ಯಾರೂ ಮುಟ್ಟಲಿಲ್ಲ.

ಮುಂದಿನ ವಾರ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಯಿತು. ನನಗೆ ಸಂತೋಷವಾಯಿತು. ಅದಕ್ಕೆ ನಾಚಿಕೆಯೂ ಆಗಲಿಲ್ಲ.

ಈಗ ದುಕ್ಮ್‌ನಲ್ಲಿದ್ದೇನೆ. ಕಂಪನಿಯ ಬಸ್ಸು ಹತ್ತುವವರನ್ನು ಗುರುತು ಹಾಕಿಕೊಳ್ಳುವ ಅದೇ ಕೆಲಸ, ಅದೇ ಧೂಳು, ಅದೇ ಗಾಳಿ. ಮಗಳು ಮೈಸೂರಿನಲ್ಲಿ ಹತ್ತನೇ ಕ್ಲಾಸು. ಸೆಪ್ಟೆಂಬರ್ ಬಂತು, ಆಟ ಶುರುವಾಯಿತು. ನೋಡಬಾರದು ಅಂದುಕೊಂಡವನು ನೋಡಿದೆ. ನಮ್ಮ ಗುಂಪಿನಲ್ಲಿ ಮೂರು ತಂಡ ಸಮ ನಿಂತಿವೆ. ಮೂರು ಸಮ ಬಂದರೆ ಬಿಡಿಸುವ ಕ್ರಮವೇ ಬೇರೆ, ಅದು ನನಗೆ ಇವತ್ತಿಗೂ ನೆಟ್ಟಗೆ ಬರುವುದಿಲ್ಲ. ಶುಕ್ರವಾರ ಫೋನ್ ಮಾಡಿದಾಗ ಅದನ್ನೇ ನೆಪ ಮಾಡಿಕೊಂಡು ಕೇಳಿದೆ.

"ಪುಟ್ಟಿ, ಪಟ್ಟಿ ನೋಡಿದ್ಯಾ? ಮೂರು ಟೀಮ್ ಸಮ ಇದಾವೆ ನೋಡು."

"ಇಲ್ಲ ಅಪ್ಪ. ಈಗ ಅದೆಲ್ಲ ನೋಡಲ್ಲ."

ಅವಳ ಕಡೆಯಿಂದ ಯಾವುದೋ ಪುಸ್ತಕದ ಹಾಳೆ ತಿರುಗಿಸುವ ಸದ್ದು ಕೇಳಿಸುತ್ತಿತ್ತು.

"ಅಮ್ಮನಿಗೆ ಕೊಡ್ಲಾ?" ಅಂದಳು.

ಕೊಡು ಅಂದೆ.